ಬೋಧೆ, ವಾದ, ಸಂವಾದ: ಕನ್ನಡನಾಡಿನ ಕ್ರೈಸ್ತ ಮಿಶನ್ನಿನ ಅನುಭವ

ತನ್ನ ಮತವನ್ನು ಲೋಕಕ್ಕೆಲ್ಲ ಸಾರುವುದು ತನಗೆ ವಿಧಿಸಿದ ಕರ್ತವ್ಯವೆಂದು ನಂಬಿರುವವನು, ಬೇರೊಂದು ಮತವನ್ನು ಅಷ್ಟೇ ಶ್ರದ್ಧೆಯಿಂದ ನಂಬಿರುವವನೊಡನೆ ಸರಿಸಮಾನನಾಗಿ ಕುಳಿತು ಮಾತನಾಡಬಲ್ಲನೆ? ಹಲವು ಮತಗಳು ಒಂದೇ ಬೀದಿಯಲ್ಲಿ ಬಾಳುವ ನಮ್ಮ ದೇಶದಲ್ಲಿ ಇದು ದೈವಶಾಸ್ತ್ರಜ್ಞರಿಗೆ ಮಾತ್ರ ಸಂಬಂಧಿಸಿದ ಪ್ರಶ್ನೆಯಲ್ಲ. ಸಂವಾದಕ್ಕೆ ಇಳಿದರೆ ಬೋಧೆಯನ್ನು ಕೈಬಿಟ್ಟಂತೆಯೇ ಸರಿ ಎಂದು ಕ್ರೈಸ್ತರಲ್ಲಿ ಕೆಲವರು ಶಂಕಿಸುತ್ತಾರೆ. ಸಂವಾದವೆಂಬುದು ವೇಷ ಮರೆಸಿಕೊಂಡು ಬಂದ ಬೋಧೆಯೇ ಹೊರತು ಬೇರೆಯಲ್ಲ ಎಂದು ಹಿಂದೂಗಳಲ್ಲಿ ಕೆಲವರು ಶಂಕಿಸುತ್ತಾರೆ. ಎರಡು ಶಂಕೆಗಳಿಗೂ ಚರಿತ್ರೆಯಲ್ಲಿ ಆಧಾರವುಂಟು. ಸಾಮಾನ್ಯ ತತ್ತ್ವಗಳನ್ನು ಮಾತ್ರ ಹಿಡಿದು ಹೊರಟರೆ ಇಂಥ ವಿಷಯವು ಕೈಗೆ ಸಿಕ್ಕದೆ ಜಾರುವುದರಿಂದ, ಪ್ರಸ್ತುತ ಲೇಖನದಲ್ಲಿ ಮಂಗಳೂರಿನ ಬಾಸೆಲ್ ಮಿಶನ್ನಿನಿಂದ ಮೊದಲುಗೊಂಡು ಬೆಂಗಳೂರಿನಲ್ಲಿ ಬೆಳೆದ ಸಂವಾದಚಿಂತನೆಯವರೆಗಿನ ಒಂದು ಧಾರೆಯನ್ನು ಮಾತ್ರ ತೆಗೆದುಕೊಂಡು ಪರಿಶೀಲಿಸಲಾಗಿದೆ.

ಮೊದಲು ಶಬ್ದಗಳ ವಿಚಾರ. ನಮ್ಮ ನ್ಯಾಯಶಾಸ್ತ್ರಕಾರರು ಇಬ್ಬರ ನಡುವಣ ಚರ್ಚೆಗೆ ‘ಕಥಾ’ ಎಂದು ಹೆಸರಿಟ್ಟು, ಅದನ್ನು ವಾದ, ಜಲ್ಪ, ವಿತಂಡೆ ಎಂದು ಮೂರು ಬಗೆಯಾಗಿ ವಿಂಗಡಿಸಿದ್ದಾರೆ. ತತ್ತ್ವನಿರ್ಣಯಕ್ಕಾಗಿ ನಡೆಯುವುದು ವಾದ; ಗೆಲವಿಗಾಗಿ ನಡೆಯುವುದು ಜಲ್ಪ; ತನ್ನದೆಂಬ ಪಕ್ಷವನ್ನು ಸ್ಥಾಪಿಸುವ ಹೊಣೆ ಹೊರದೆ ಎದುರಾಳಿಯ ಪಕ್ಷವನ್ನು ಕೆಡವುವುದಕ್ಕಾಗಿಯೇ ನಡೆಯುವುದು ವಿತಂಡೆ. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ವಾದಕ್ಕೂ ಪಕ್ಷ ಪ್ರತಿಪಕ್ಷಗಳು ಬೇಕು. ತನ್ನ ಪಕ್ಷವನ್ನು ಬಿಟ್ಟು ಬಂದವನು ವಾದಕ್ಕೆ ಅರ್ಹನೆಂದು ಶಾಸ್ತ್ರವು ಎಲ್ಲಿಯೂ ಹೇಳುವುದಿಲ್ಲ. ಗುರು, ಶಿಷ್ಯ, ಸಹಾಧ್ಯಾಯಿ ಮೊದಲಾದ ಅಸೂಯಾರಹಿತರೊಡನೆ ಅದು ನಡೆಯಬೇಕೆಂದು ಮಾತ್ರ ಹೇಳುತ್ತದೆ. ಇಂದು ‘ಸಂವಾದ’ವೆಂದು ಕರೆಯಲ್ಪಡುವುದು ಈ ವಾದಕ್ಕೆ ಹತ್ತಿರವಾದುದು. ಹಾಗಾದರೆ, ದೃಢವಾದ ನಂಬಿಕೆಯುಳ್ಳವನು ಸಂವಾದಕ್ಕೆ ಅನರ್ಹನೆಂಬ ಆಕ್ಷೇಪವು ನಮ್ಮ ಪರಂಪರೆಯ ಮಟ್ಟಿಗಾದರೂ ನಿಲ್ಲುವುದಿಲ್ಲ. ಉಳಿಯುವ ಪ್ರಶ್ನೆಯು ಬೇರೆ: ಎದುರಿಗಿರುವವನನ್ನು ಸಹಾಧ್ಯಾಯಿಯೆಂದು ಎಣಿಸಲಾಗಿದೆಯೆ, ಅಥವಾ ಗೆಲ್ಲಬೇಕಾದ ಕೋಟೆಯೆಂದೆ?

ಬಾಸೆಲ್ ಮಿಶನ್ನಿನ ಮೊದಲ ಮೂವರು, ಹೆಬಿಕ್, ಲೇನರ್, ಗ್ರೈನರ್ ಇವರು, 1834ರಲ್ಲಿ ಪಶ್ಚಿಮ ಕರಾವಳಿಗೆ ಬಂದು ಮಂಗಳೂರಿನಲ್ಲಿ ನೆಲಸಿದರು. ಕೆಲವೇ ವರ್ಷಗಳಲ್ಲಿ ಧಾರವಾಡ, ಹುಬ್ಬಳ್ಳಿಗಳಲ್ಲಿಯೂ ಠಾಣ್ಯಗಳು ಆದವು. ಜಾತ್ರೆ ಸಂತೆಗಳಲ್ಲಿ ನಿಂತು ಬೋಧಿಸುವುದು, ಕಿರುಹೊತ್ತಗೆಗಳನ್ನು ಹಂಚುವುದು, ಪ್ರಶ್ನೆ ಕೇಳಿದವರೊಡನೆ ಅಲ್ಲಿಯೇ ತರ್ಕಕ್ಕೆ ನಿಲ್ಲುವುದು, ಇವು ಅವರ ಅಂದಿನ ಮುಖ್ಯ ವಿಧಾನಗಳು. ಮೇಲಿನ ವಿಭಾಗಕ್ರಮದಲ್ಲಿ ಹೇಳುವುದಾದರೆ ಇದು ಜಲ್ಪವೇ. ಆಳುವವರು ಯುರೋಪಿಯನರೇ ಆಗಿದ್ದಾಗ, ಬೋಧಕನು ಜರ್ಮನಿಯವನೋ ಸ್ವಿಟ್ಸರ್ಲೆಂಡಿನವನೋ ಆಗಿದ್ದರೂ, ಕೇಳುವವನ ಕಣ್ಣಿಗೆ ಅವನು ದೊರೆಗಳ ಕಡೆಯವನಾಗಿಯೇ ತೋರುತ್ತಿದ್ದನು. ಸಮಾನತೆಯಿಲ್ಲದ ಕಡೆ ಸಂವಾದವನ್ನು ಹುಡುಕುವುದು ವ್ಯರ್ಥ.

ಆದರೂ ಇದೇ ಮಿಶನ್ನಿನ ಕೆಲವರು, ಬೋಧಿಸಲೆಂದು ಬಂದವರು, ಕಲಿಯುವ ಸ್ಥಾನದಲ್ಲಿ ಕುಳಿತುಕೊಳ್ಳಬೇಕಾಯಿತು. ಅದಕ್ಕೆ ಕಾರಣ ಉದಾರಭಾವಕ್ಕಿಂತ ಹೆಚ್ಚಾಗಿ ಭಾಷೆ. 1836ರಲ್ಲಿ ಬಂದ ಹೆರ್ಮನ್ ಮೋಗ್ಲಿಂಗರು 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿ ಕನ್ನಡ ಪತ್ರಿಕೋದ್ಯಮಕ್ಕೆ ನಾಂದಿ ಹಾಡಿದುದು ಎಲ್ಲರಿಗೂ ತಿಳಿದ ಸಂಗತಿ. ನಮ್ಮ ಪ್ರಸ್ತುತ ವಿಷಯಕ್ಕೆ ಅದಕ್ಕಿಂತಲೂ ಮುಖ್ಯವಾದುದು 1848ರಿಂದ ಮೊದಲಾಗಿ, ಕ್ಯಾಸಮೇಜರ್ ಎಂಬ ನಿವೃತ್ತ ನ್ಯಾಯಾಧೀಶರ ಧನಸಹಾಯದಿಂದ, ಅವರು ಪ್ರಕಟಿಸಿದ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಗ್ರಂಥಮಾಲೆ. ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಈ ಮಾಲೆಯಲ್ಲಿ ಅಚ್ಚಾದವು. ಹರಿಭಕ್ತಿಯನ್ನು ನಿರಾಕರಿಸಲೆಂದು ಸಮುದ್ರ ದಾಟಿ ಬಂದವರು ಹರಿದಾಸರ ಕೀರ್ತನೆಗಳನ್ನು ಮೊತ್ತಮೊದಲು ಅಚ್ಚಿಗೆ ಕೊಟ್ಟವರಲ್ಲಿ ಸೇರಿದರು! ಇಲ್ಲಿನ ಜನರ ಮನಸ್ಸನ್ನು ಅರಿತರೆ ಬೋಧೆಗೆ ಅನುಕೂಲವಾದೀತೆಂಬ ಉದ್ದೇಶವು ಇದರ ಹಿಂದೆ ಇದ್ದಿತೆಂಬುದನ್ನು ಅಲ್ಲಗಳೆಯಲಾಗದು. ಉದ್ದೇಶ ಯಾವುದೇ ಇರಲಿ, ಹಸ್ತಪ್ರತಿಯ ಪಾಠವನ್ನು ಸರಿಯಾಗಿ ಓದಲು ಕುಳಿತವನು ಅಷ್ಟು ಹೊತ್ತಾದರೂ ಎದುರಿನವನ ಮಾತನ್ನು ಅವನ ಅರ್ಥದಲ್ಲಿಯೇ ಕೇಳಬೇಕಾಗುತ್ತದೆ. ಜಲ್ಪದಲ್ಲಿ ಈ ಶಿಸ್ತಿಗೆ ಎಡೆಯಿಲ್ಲ.

ಭಾಷಾಂತರದಲ್ಲಿ ಈ ಒತ್ತಡವು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಬಾಸೆಲಿನವರಿಗಿಂತ ಮೊದಲೇ, 1810ರಿಂದ ಬಳ್ಳಾರಿಯಲ್ಲಿದ್ದ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸರು ಬೈಬಲಿನ ಕನ್ನಡ ಅನುವಾದವನ್ನು ಕೈಗೊಂಡಿದ್ದರು. ಆಮೇಲೆ ಅದು ಹಲವು ಬಾರಿ ಪರಿಷ್ಕೃತವಾಯಿತು. ಕನ್ನಡ ಕ್ರೈಸ್ತರು ಇಂದು ಬಳಸುವ ಪರಿಭಾಷೆಯನ್ನು ಕೊಂಚ ಪರೀಕ್ಷಿಸಿದರೆ ಅದರಲ್ಲಿ ಒಂದು ಮೂಕಸಂವಾದವೇ ಅಡಗಿರುವುದು ವೇದ್ಯವಾಗುತ್ತದೆ. ‘ಶಿಲುಬೆ’ ಸಿರಿಯಾಕ್ ಮೂಲದಿಂದ ತಮಿಳಿನ ಮೂಲಕ ಬಂದುದು. ‘ಪಾದ್ರಿ’, ‘ಇಗರ್ಜಿ’ಗಳು ಪೋರ್ತುಗೀಸಿನಿಂದ ಬಂದವು. ಹೊರಗಿನ ವಸ್ತುವಿಗೆ ಹೊರಗಿನ ಹೆಸರು, ಇವುಗಳಲ್ಲಿ ತೊಡಕಿಲ್ಲ. ತೊಡಕು ಇರುವುದು ಒಳಗಿನ ಶಬ್ದಗಳಲ್ಲಿ. ಸಭೆಯನ್ನು ಸೇರುವವನಿಗೆ ಮಾಡಿಸುವ ಸಂಸ್ಕಾರಕ್ಕೆ ‘ದೀಕ್ಷಾಸ್ನಾನ’ವೆಂದರು, ದೀಕ್ಷೆಯೆಂಬ ಮಾತು ಕಿವಿಗೆ ಬಿದ್ದೊಡನೆ ವೀರಶೈವನ ಮನಸ್ಸಿನಲ್ಲಿ ಏಳುವ ಭಾವಗಳನ್ನು ಯಾವ ಪಾದ್ರಿಯೂ ತಡೆಯಲಾರನು. ‘ಮೋಕ್ಷ’ವೆಂದರೆ ಜನ್ಮಾಂತರಗಳಿಂದ ಬಿಡುಗಡೆಯೆಂಬ ಅರ್ಥ ಬರುವುದರಿಂದ ‘ರಕ್ಷಣೆ’ಯೆಂಬ ಶಬ್ದ ನೆಲೆಗೊಂಡಿತು. ‘ದೇವರು’ ಎಂಬುದು ರೂಪದಲ್ಲಿ ಗೌರವಾರ್ಥದ ಬಹುವಚನ. ಹಳೆಯ ಕನ್ನಡ ಬೈಬಲಿನಲ್ಲಿ ಅದರ ಕ್ರಿಯಾಪದವು ಮಾತ್ರ ಏಕವಚನದಲ್ಲಿ ನಿಲ್ಲುತ್ತದೆ. ಇಂಥ ಪ್ರಯೋಗ ಕನ್ನಡಕ್ಕೆ ಹೊಸದಲ್ಲವಾದರೂ ಏಕದೇವವಾದಿಗಳಿಗೆ ಅದು ಬಹಳ ಒದಗಿಬಂದಿತು.

ಇವೆಲ್ಲಕ್ಕಿಂತ ಕುತೂಹಲಕರವಾದುದು ಯೋಹಾನನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿ ಬರುವ ‘ನರಾವತಾರ’ವೆಂಬ ಶಬ್ದ. ಕ್ರೈಸ್ತಸಿದ್ಧಾಂತದಂತೆ ದೇವರು ಮನುಷ್ಯನಾದದ್ದು ಒಂದೇ ಸಲ. ಅವತಾರವೆಂಬ ಮಾತಿನಲ್ಲಾದರೋ ಯುಗಯುಗದಲ್ಲಿಯೂ ಮರಳಿ ಬರುವ ಭಾವವು ಬೇರೂರಿದೆ. ಭಾಷಾಂತರಕಾರರು ಈ ಅಪಾಯವನ್ನು ಅರಿಯದವರಲ್ಲ. ಬೇರೆ ದಾರಿಯಿರಲಿಲ್ಲ. ಕನ್ನಡದಲ್ಲಿ ಕ್ರಿಸ್ತನನ್ನು ಕುರಿತು ಮಾತನಾಡುವುದೆಂದರೆ, ಕನ್ನಡಿಗರು ಅದುವರೆಗೆ ದೇವರನ್ನು ಕುರಿತು ಆಡಿದ ಮಾತುಗಳನ್ನೇ ಎರವಾಗಿ ಪಡೆಯಬೇಕಾಗಿತ್ತು. ಎರವು ಪಡೆದವನು ಸಾಲಗಾರನೇ ಅಲ್ಲವೆ? ಒಬ್ಬನು ಬಾಯಿಂದ ಅನ್ಯಮತವನ್ನು ಖಂಡಿಸುತ್ತಿರುವಾಗಲೂ ಅವನ ಶಬ್ದಗಳು ಆ ಮತದೊಡನೆ ಮಾತನಾಡುತ್ತಲೇ ಇರುತ್ತವೆ. ನಮ್ಮ ಅಭಿಪ್ರಾಯದಲ್ಲಿ, ಮತೀಯ ಸಂವಾದದ ಚರಿತ್ರೆಯನ್ನು ಬರೆಯುವವರು ಸಮ್ಮೇಳನಗಳ ವರದಿಗಳಿಗೆ ಕೊಡುವಷ್ಟೇ ಲಕ್ಷ್ಯವನ್ನು ಈ ಶಬ್ದಚರಿತ್ರೆಗೂ ಕೊಡುವುದು ಅವಶ್ಯ.

ಫರ್ಡಿನಂಡ್ ಕಿಟ್ಟೆಲ್ಲರಲ್ಲಿ ಈ ಒಲವು ತುತ್ತತುದಿಯನ್ನು ಮುಟ್ಟಿತು. 1853ರಲ್ಲಿ ಭಾರತಕ್ಕೆ ಬಂದ ಅವರು 1862ರಲ್ಲಿ ‘ಕಥಾಮಾಲೆ’ಯೆಂಬ ಕೃತಿಯಲ್ಲಿ ಕ್ರಿಸ್ತಚರಿತ್ರೆಯನ್ನು ದೇಶೀಯ ಛಂದಸ್ಸಿನಲ್ಲಿ ಹಾಡಿದರು, 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನೂ 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನೂ ಸಂಪಾದಿಸಿದರು. ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರಬಂದಿತು. ಸುಮಾರು 70,000 ಶಬ್ದಗಳ ಆ ಮಹಾಕೃತಿಯಲ್ಲಿ ಜೈನ, ವೀರಶೈವ, ವೈಷ್ಣವ ಕವಿಗಳೆಲ್ಲರೂ ಗಾದೆಯ ಮಾತುಗಳೊಡನೆ ಪಕ್ಕಪಕ್ಕದಲ್ಲಿ ಸಾಕ್ಷಿ ನುಡಿಯುತ್ತಾರೆ. ಇಂಥ ವಿದ್ವತ್ಕಾರ್ಯವು ಮಿಶನ್ನಿನ ಕೆಲಸವೇ ಎಂಬ ಬಗ್ಗೆ ಬಾಸೆಲಿನ ಹಿರಿಯರಿಗೆ ಸಂದೇಹವಿದ್ದಿತು. ಆ ಸಂದೇಹವು ಅಕಾರಣವಾದುದೇನೂ ಅಲ್ಲ. ಅರ್ಥವನ್ನು ಅರಸುವವನು ಖಂಡನೆಯನ್ನು ಮರೆಯುತ್ತಾನೆ. ಆದರೆ ಕಿಟ್ಟೆಲ್ಲರನ್ನು ಸರ್ವಮತಸಮಾನತೆಯ ಆಚಾರ್ಯರನ್ನಾಗಿ ಮಾಡುವ ಉತ್ಸಾಹವೂ ಸಲ್ಲದು. ಅವರು ಕೊನೆಯವರೆಗೂ ಮಿಶನರಿಯೇ ಆಗಿದ್ದರು. ಕನ್ನಡದ ಕವಿಗಳನ್ನು ಪ್ರೀತಿಸಿದರೆಂದ ಮಾತ್ರಕ್ಕೆ ಅವರ ಮತಗಳನ್ನು ಒಪ್ಪಿದರೆಂದು ಹೇಳಲು ಬರುವುದಿಲ್ಲ.

ಇತ್ತ, ಗ್ರಂಥಾಲಯದ ಹೊರಗೆ, ಮತಾಂತರವೆಂಬುದು ಮನೆಯನ್ನೊಡೆಯುವ ಘಟನೆಯಾಗಿತ್ತು. 1844ರ ಜನವರಿಯಲ್ಲಿ ಮಂಗಳೂರಿನ ಸಾರಸ್ವತ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯರು ದೀಕ್ಷಾಸ್ನಾನ ಪಡೆದಾಗ ಊರಿಗೆ ಊರೇ ಕಲಕಿಹೋಯಿತು. ಮುಂದೆ ಅವರು ಬಾಸೆಲಿನಲ್ಲಿ ಓದಿ, 1851ರಲ್ಲಿ ಗುರುದೀಕ್ಷೆ ಪಡೆದು ಹಿಂತಿರುಗಿದರು. ಅಷ್ಟರಲ್ಲಿ ಹುಟ್ಟಿದ ಮನೆಯ ಮತ್ತು ಪತ್ನಿಯ ಅಗಲಿಕೆಯನ್ನು ಅನುಭವಿಸಿಯಾಗಿತ್ತು. ಬ್ರಾಹ್ಮಣ ಮತಾಂತರಿತರು ಬೆರಳೆಣಿಕೆಯಷ್ಟು ಮಂದಿ. ತುಳುನಾಡಿನಲ್ಲಿ ಬಾಸೆಲ್ ಮಿಶನ್ನನ್ನು ಸೇರಿದವರಲ್ಲಿ ಬಹುಭಾಗ ಬಿಲ್ಲವರು. ಕುಲವೃತ್ತಿಯನ್ನೂ ಗೇಣಿಯ ನೆಲವನ್ನೂ ಕಳೆದುಕೊಂಡವರಿಗೆ ಅನ್ನದ ದಾರಿ ತೋರಿಸುವ ಹೊಣೆ ಮಿಶನ್ನಿನ ಮೇಲೆ ಬಿದ್ದಿತು. ನೇಯಿಗೆಯ ಕಾರ್ಖಾನೆ ಹುಟ್ಟಿತು. 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹುಟ್ಟಿತು. ಮಂಗಳೂರು ಹಂಚಿನ ಕೀರ್ತಿಗೆ ಇದೇ ಮೂಲ. ಆದರೆ ಈ ಏರ್ಪಾಡಿನ ಇನ್ನೊಂದು ಫಲವನ್ನೂ ಗಮನಿಸತಕ್ಕದ್ದು. ಕೆಲಸ, ವಸತಿ, ಶಾಲೆ, ಆರಾಧನೆ ಎಲ್ಲವೂ ಮಿಶನ್ನಿನ ಆವರಣದೊಳಗೇ ದೊರೆತುದರಿಂದ ಹೊಸ ಕ್ರೈಸ್ತನು ನೆರೆಯವರೊಡನೆ ಬೆರೆಯುವ ಅಗತ್ಯವೇ ಕಡಮೆಯಾಯಿತು. ಅವನನ್ನು ಕಾಪಾಡಿದ ಗೋಡೆಯೇ ಅವನನ್ನು ಬೇರ್ಪಡಿಸಿತು. ಮೊದಲನೆಯ ಮಹಾಯುದ್ಧದಲ್ಲಿ ಜರ್ಮನ್ ಮಿಶನರಿಗಳು ಬಂಧನಕ್ಕೊಳಗಾಗಿ, ಕಾರ್ಖಾನೆಗಳು ಕೈಬದಲಾಯಿಸಿದ ಮೇಲೆ ಇಲ್ಲಿನ ಸಭೆಯು ತನ್ನ ಕಾಲಮೇಲೆ ನಿಲ್ಲಬೇಕಾಯಿತು.

1938ರ ಡಿಸೆಂಬರಿನಲ್ಲಿ ಮದರಾಸಿನ ಬಳಿಯ ತಾಂಬರಂನಲ್ಲಿ ಜಾಗತಿಕ ಮಿಶನರಿ ಸಮ್ಮೇಳನ ಸೇರಿದಾಗ ತಾತ್ತ್ವಿಕ ಪ್ರಶ್ನೆಯು ಮುಖಾಮುಖಿಯಾಗಿ ಎದ್ದಿತು. ಕ್ರಿಸ್ತನಲ್ಲಿ ಆದ ದೈವಪ್ರಕಾಶಕ್ಕೂ ಮನುಷ್ಯರ ಮತಗಳಿಗೂ ನಡುವೆ ಸೇತುವೆಯಿಲ್ಲವೆಂಬುದು ಹಾಲೆಂಡಿನ ಹೆಂಡ್ರಿಕ್ ಕ್ರೇಮರರ ನಿಲುವು. ಪಿ. ಚೆಂಚಯ್ಯ ಮೊದಲಾದ ಭಾರತೀಯ ಕ್ರೈಸ್ತರು ಇದನ್ನು ಒಪ್ಪಲಿಲ್ಲ. ಹಿಂದೂ ಪರಂಪರೆಯು ತಮಗೆ ಪಿತ್ರಾರ್ಜಿತವೇ ಹೊರತು ಪರಕೀಯವಲ್ಲವೆಂಬುದು ಅವರ ಪಕ್ಷ. ಈ ವ್ಯಾಜ್ಯವು ಇಂದಿಗೂ ಇತ್ಯರ್ಥವಾಗಿಲ್ಲ.

ಸ್ವಾತಂತ್ರ್ಯಾನಂತರ ಸನ್ನಿವೇಶವು ಬದಲಾಯಿತು. ಸಂವಿಧಾನದ 25ನೆಯ ಅನುಚ್ಛೇದದಲ್ಲಿ ‘ಪ್ರಚಾರ’ವೆಂಬ ಶಬ್ದ ಇರಬೇಕೆ ಬೇಡವೆ ಎಂಬುದನ್ನು ಕುರಿತು 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ತೀವ್ರವಾದ ಚರ್ಚೆ ನಡೆಯಿತು. ಲೋಕನಾಥ ಮಿಶ್ರರು ವಿರೋಧಿಸಿದರು. ಲಕ್ಷ್ಮೀಕಾಂತ ಮೈತ್ರ, ಕೆ. ಎಂ. ಮುನ್ಷಿ ಮೊದಲಾದವರು ಸಮರ್ಥಿಸಿದರು, ಶಬ್ದವು ಉಳಿಯಿತು. 1956ರಲ್ಲಿ ಮಧ್ಯಪ್ರದೇಶದ ನಿಯೋಗಿ ಸಮಿತಿಯು ವಿದೇಶೀ ಮಿಶನ್ನುಗಳ ಚಟುವಟಿಕೆಗಳನ್ನು ಕಟುವಾಗಿ ಆಕ್ಷೇಪಿಸಿ ವರದಿ ಕೊಟ್ಟಿತು. ಇಂಥ ಹೊತ್ತಿನಲ್ಲಿ, 1957ರಲ್ಲಿ, ಧರ್ಮ ಮತ್ತು ಸಮಾಜಗಳ ಅಧ್ಯಯನಕ್ಕಾಗಿ ಬೆಂಗಳೂರಿನಲ್ಲಿ ಕ್ರೈಸ್ತರು ಸ್ಥಾಪಿಸಿದ ಸಂಸ್ಥೆಗೆ ಪಾಲ್ ದೇವನಂದನರು ನಿರ್ದೇಶಕರಾದರು; ಎಂ. ಎಂ. ತಾಮಸರು ಅವರ ಜೊತೆಗಾರರು. ಶಾಂಕರವೇದಾಂತದ ಮಾಯಾವಿಚಾರದ ಮೇಲೆ ಸಂಶೋಧನೆ ಮಾಡಿದ್ದ ದೇವನಂದನರು ಪ್ರಶ್ನೆಯನ್ನು ಬೇರೊಂದು ನೆಲೆಗೆ ತಂದರು. ಹಿಂದೂಧರ್ಮವು ಗ್ರಂಥಗಳಲ್ಲಿ ಹೆಪ್ಪುಗಟ್ಟಿದ ಸಿದ್ಧಾಂತವಲ್ಲ, ಬದಲಾಗುತ್ತಿರುವ ಜೀವಂತ ಜನರ ಧರ್ಮ; ಹೊಸ ರಾಷ್ಟ್ರವನ್ನು ಕಟ್ಟುವ ಕಾರ್ಯದಲ್ಲಿ ಹಿಂದೂವೂ ಕ್ರೈಸ್ತನೂ ಸಹಭಾಗಿಗಳು; ನ್ಯಾಯ, ಮನುಷ್ಯಗೌರವ, ಸಮಾಜವ್ಯವಸ್ಥೆಗಳನ್ನು ಕುರಿತು ಇಬ್ಬರೂ ಕೂಡಿ ಚಿಂತಿಸುವಲ್ಲಿ ಸಂವಾದವು ತಾನಾಗಿ ಹುಟ್ಟುತ್ತದೆ, ಎಂಬುದು ಅವರ ವಾದದ ತಿರುಳು. 1961ರಲ್ಲಿ ದೆಹಲಿಯಲ್ಲಿ ಸೇರಿದ ವಿಶ್ವ ಕ್ರೈಸ್ತಸಭಾ ಪರಿಷತ್ತಿನ ಅಧಿವೇಶನದಲ್ಲಿ ಅವರು ಮಾಡಿದ ಭಾಷಣವು ಬಹಳ ಚರ್ಚೆಗೆ ಕಾರಣವಾಯಿತು. ಮರುವರ್ಷವೇ ಅವರು ತೀರಿಕೊಂಡುದರಿಂದ ಕಾರ್ಯವು ಅರ್ಧದಲ್ಲಿ ನಿಂತಿತು.

ಅದನ್ನು ಮುಂದುವರಿಸಿದವರು ಕನ್ನಡನಾಡಿನವರೇ ಆದ ಸ್ಟ್ಯಾನ್ಲಿ ಸಮರ್ಥರು. ಅವರು 1920ರಲ್ಲಿ ಹುಟ್ಟಿದುದು ಕಾರ್ಕಳದಲ್ಲಿ. 1432ರ ಗೊಮ್ಮಟಮೂರ್ತಿ, 1586ರ ಚತುರ್ಮುಖ ಬಸದಿ, ವೆಂಕಟರಮಣ ದೇವಾಲಯ ಇವುಗಳ ನಡುವಿನ ಊರು ಅದು. ಸಮೀಪದ ಅತ್ತೂರಿನ ಸಂತ ಲಾರೆನ್ಸರ ಇಗರ್ಜಿಯಲ್ಲಿ ಪ್ರತಿ ಜನವರಿಯಲ್ಲಿ ನಡೆಯುವ ಜಾತ್ರೆಗೆ ಹಿಂದೂಗಳೂ ಮುಸಲ್ಮಾನರೂ ಹರಕೆ ಹೊತ್ತು ಬರುತ್ತಾರೆ. ಸಂವಾದವೆಂಬ ಶಬ್ದದ ಹಂಗಿಲ್ಲದೆಯೇ ಅಲ್ಲಿ ಅದರ ಒಂದು ರೂಪವು ನಡೆದುಬಂದಿದೆ. ಮಂಗಳೂರು, ಬೆಂಗಳೂರು, ಸೆರಾಂಪುರಗಳಲ್ಲಿ ದೈವಶಾಸ್ತ್ರವನ್ನು ಬೋಧಿಸಿದ ಸಮರ್ಥರು 1971ರಲ್ಲಿ ಜಿನೀವದ ವಿಶ್ವ ಕ್ರೈಸ್ತಸಭಾ ಪರಿಷತ್ತಿನ ಅಂತರ್ಧರ್ಮೀಯ ಸಂವಾದವಿಭಾಗದ ಮೊದಲ ನಿರ್ದೇಶಕರಾದರು. ಅದಕ್ಕೂ ಹಿಂದಿನ ವರ್ಷ ಲೆಬನಾನಿನ ಅಜಲ್ತೂನಿನಲ್ಲಿ ಹಿಂದೂ, ಬೌದ್ಧ, ಮುಸ್ಲಿಂ, ಕ್ರೈಸ್ತ ಪ್ರತಿನಿಧಿಗಳ ಕೂಟವು ಸೇರಿತ್ತು. ರೋಮನ್ ಕ್ಯಾಥೊಲಿಕರಲ್ಲಿ 1965ರ ಎರಡನೆಯ ವ್ಯಾಟಿಕನ್ ಮಹಾಸಭೆಯ ಘೋಷಣೆಯು ಇತರ ಮತಗಳಲ್ಲಿ ಸತ್ಯವೂ ಪಾವಿತ್ರ್ಯವೂ ಆದುದನ್ನು ತಾನು ತಿರಸ್ಕರಿಸುವುದಿಲ್ಲವೆಂದು ಆಗಲೇ ಸಾರಿತ್ತು. ಆದರೂ 1975ರ ನೈರೋಬಿ ಅಧಿವೇಶನದಲ್ಲಿ ಸಮರ್ಥರ ಕಾರ್ಯಕ್ರಮವು ಕಠಿಣ ಪರೀಕ್ಷೆಗೆ ಒಳಗಾಯಿತು. ಅನ್ಯಮತೀಯರಾದ ಐವರು ಅತಿಥಿಗಳು ಎದುರಿಗೇ ಕುಳಿತಿದ್ದಂತೆ, ಸಂವಾದದಿಂದ ಮತಸಾಂಕರ್ಯ ಉಂಟಾಗುವುದೆಂದೂ ಬೋಧೆಯು ಕುಂದುವುದೆಂದೂ ಯುರೋಪಿನ ಕೆಲವು ಪ್ರತಿನಿಧಿಗಳು ಆಕ್ಷೇಪಿಸಿದರು. ಅದಕ್ಕೆ ಉತ್ತರವಿತ್ತವರಲ್ಲಿ ಸಿಂಹಳದ ಲಿನ್ ಡಿ ಸಿಲ್ವರು ಪ್ರಮುಖರು. ಅನ್ಯಮತೀಯರ ನಡುವೆಯೇ ದಿನ ಕಳೆಯುವವರಿಗೂ, ಅವರನ್ನು ಪುಸ್ತಕದಲ್ಲಿ ಮಾತ್ರ ಕಂಡವರಿಗೂ ಇದ್ದ ಅಂತರವು ಅಂದು ಬಯಲಾಯಿತು. 1977ರ ಚಿಯಾಂಗ್ ಮಾಯ್ ಸಭೆಯ ಫಲವಾಗಿ 1979ರಲ್ಲಿ ಸಂವಾದದ ಮಾರ್ಗಸೂಚಿಗಳು ಹೊರಬಂದವು.

ಇನ್ನು ಹಿಂದೂಗಳ ಶಂಕೆಯ ವಿಚಾರ. 1991ರಲ್ಲಿ ವ್ಯಾಟಿಕನ್ನಿನಿಂದ ಹೊರಟ ಪ್ರಕಟನೆಯೊಂದು ಸಂವಾದ, ಸುವಾರ್ತಾಘೋಷಣೆ ಎರಡೂ ಸಭೆಯ ಒಂದೇ ಸುವಾರ್ತಾಕಾರ್ಯದ ಅಂಗಗಳೆಂದು ಪ್ರತಿಪಾದಿಸಿತು. ಒಂದನ್ನು ಇನ್ನೊಂದರ ಸಾಧನವನ್ನಾಗಿ ಮಾಡಿಕೊಳ್ಳಬಾರದೆಂದೂ ಸೂಚಿಸಿತು. ಮೊದಲ ಮಾತನ್ನು ಓದಿದವನಿಗೆ ಶಂಕೆ ಬಲಿಯುವುದು ಸಹಜ; ಎರಡನೆಯ ಮಾತನ್ನು ಕೈಬಿಟ್ಟು ಓದುವುದು ನ್ಯಾಯವಲ್ಲ. ಕಾನೂನಿನ ಮಟ್ಟಿಗೆ, 1977ರಲ್ಲಿ ಸ್ಟ್ಯಾನಿಸ್ಲಾಸ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಪ್ರಚಾರದ ಹಕ್ಕು ಎಂದರೆ ತನ್ನ ಮತದ ತತ್ತ್ವಗಳನ್ನು ವಿವರಿಸಿ ಹರಡುವ ಹಕ್ಕೇ ಹೊರತು ಇನ್ನೊಬ್ಬನನ್ನು ಮತಾಂತರಿಸುವ ಹಕ್ಕಲ್ಲವೆಂದು ತೀರ್ಪಿತ್ತಿತು. ಈ ತೀರ್ಪಿನಲ್ಲಿ ಒಂದು ಅಂಶ ಹಿಂದಕ್ಕೆ ಸರಿದಂತೆ ನಮಗೆ ತೋರುತ್ತದೆ. ಮತಾಂತರಗೊಳ್ಳುವವನು ಇನ್ನೊಬ್ಬರ ಕೈಯ ವಸ್ತುವಲ್ಲ. ಕೇಳಿ, ತೂಗಿ, ಒಪ್ಪುವ ಅಥವಾ ಒಪ್ಪದಿರುವ ಕರ್ತೃತ್ವವು ಅವನದು. ಅವನಿಗೆ ಬದಲಾಗುವ ಸ್ವಾತಂತ್ರ್ಯವಿಲ್ಲವೆಂದರೆ ವಾದಕ್ಕೆ ಅರ್ಥವೇನು? ಅಂತೆಯೇ, ಬೋಧಕನು ತಾನು ಬದಲಾಗುವ ಸಂಭವವನ್ನು ಮೊದಲೇ ಅಲ್ಲಗಳೆದು ಬಂದಿದ್ದರೆ ಅದನ್ನು ಸಂವಾದವೆಂದು ಕರೆಯುವುದು ಶಬ್ದಾಪಚಾರ.

ಸಂವಾದದ ಈ ಧಾರೆಗೆ ಬಂದ ಅತ್ಯಂತ ಗುರುತರವಾದ ಟೀಕೆಯು ಮಾತ್ರ ಸಭೆಯ ಒಳಗಿನಿಂದಲೇ ಹುಟ್ಟಿತು. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲರು ಮಾಡಿದ ಉಪನ್ಯಾಸದಿಂದ ಮುಂದೆ ದಲಿತ ದೈವಶಾಸ್ತ್ರವೆನಿಸಿಕೊಂಡ ಚಿಂತನೆಯು ಮೊಳೆಯಿತು. ಭಾರತದ ಕ್ರೈಸ್ತರಲ್ಲಿ ಹೆಚ್ಚಿನವರು ಅಸ್ಪೃಶ್ಯರೆನಿಸಿಕೊಂಡ ಜಾತಿಗಳಿಂದ ಬಂದವರಾಗಿರುವಾಗ, ಭಾರತೀಯ ಕ್ರೈಸ್ತ ಚಿಂತಕರು ವೇದಾಂತದೊಡನೆಯೇ ಮಾತನಾಡುತ್ತ ಕುಳಿತುದೇಕೆ ಎಂಬುದು ಅದರ ಪ್ರಶ್ನೆ. ದೇವನಂದನರ ವಿಷಯ ಮಾಯಾವಾದ. ಸಮರ್ಥರ 1974ರ ಗ್ರಂಥದಲ್ಲಿ ಬರುವವರು ರಾಮಮೋಹನರಾಯ, ವಿವೇಕಾನಂದ, ಗಾಂಧಿ, ರಾಧಾಕೃಷ್ಣನ್ ಮೊದಲಾದವರು. ಮನ್ನಣೆಯನ್ನು ಅರಸಿ ಮತವನ್ನು ಬದಲಿಸಿದವನ ಹಟ್ಟಿಗೂ ಈ ಗೋಷ್ಠಿಗೂ ಬಹಳ ದೂರ.

ತುಳುನಾಡಿನಲ್ಲಿ ಈ ಟೀಕೆಗೆ ಬೇರೊಂದು ಬಗೆಯ ಪುಷ್ಟಿ ದೊರೆಯುತ್ತದೆ. ಅಲ್ಲಿ ಮಿಶನ್ನನ್ನು ಸೇರಿದ ಬಿಲ್ಲವರ ಪೂರ್ವಾಶ್ರಮದ ಧರ್ಮವು ವೇದಾಂತವಾಗಿರಲಿಲ್ಲ, ಭೂತಾರಾಧನೆಯಾಗಿತ್ತು. ಯುರೋಪಿಯನ್ ವಿದ್ವಾಂಸರು ಅದನ್ನು ಪಿಶಾಚಪೂಜೆಯೆಂದು ಕರೆದರು. ಜೈಮಿನಿ ಭಾರತಕ್ಕೆ ಸಂದ ಗೌರವವು ಕೋಟಿ ಚೆನ್ನಯರ ಕಥೆಗೆ ಅಂದು ಸಲ್ಲಲಿಲ್ಲ. ಹೀಗಿದ್ದರೂ 1886ರಲ್ಲಿ ಅದೇ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಮ್ಯಾನರ್ ಪಾದ್ರಿಯವರು ಸಂಗ್ರಹಿಸಿದ ಪಾಡ್ದನಗಳ ಪುಸ್ತಕವು ತುಳುವಿನಲ್ಲಿಯೇ ಹೊರಬಂದಿತು; ಅವರ ತುಳು-ಇಂಗ್ಲಿಷ್ ನಿಘಂಟು ಪ್ರಕಟವಾದುದೂ ಅದೇ ವರ್ಷ. ಪಾಡ್ದನಗಳನ್ನು ಹಾಡಿ ಬರೆಯಿಸಿದವರು ಭೂತದ ನುಡಿಯನ್ನು ಪಾದ್ರಿಯ ಕೈಗೆ ಒಪ್ಪಿಸುವಾಗ ಏನೆಂದು ಭಾವಿಸಿದರು, ಪಾದ್ರಿಯು ಅವರನ್ನು ಏನೇನು ಕೇಳಿದನು ಎಂಬುದು ಸಂವಾದಚರಿತ್ರೆಯ ಬಹು ಮುಖ್ಯವಾದ ಪ್ರಶ್ನೆ. ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ಪತ್ರಾಗಾರದಲ್ಲಿಯೂ ಬಾಸೆಲಿನ ಮಿಶನ್ ಪತ್ರಾಗಾರದಲ್ಲಿಯೂ ಆ ಕಾಲದ ಕಾಗದಪತ್ರಗಳು ರಕ್ಷಿತವಾಗಿವೆ. ಮಿಶನರಿಗಳ ಮಾತಿನ ನಡುವೆ ಅವರಿಗೆ ಎದುರಾಡಿದವರ ಮಾತುಗಳನ್ನು ಹೆಕ್ಕಿ ತೆಗೆಯುವುದಕ್ಕೆ ಜರ್ಮನ್, ಕನ್ನಡ, ತುಳು ಮೂರನ್ನೂ ಬಲ್ಲ ತರುಣ ಸಂಶೋಧಕರು ಬೇಕಾಗಿದ್ದಾರೆ.